ಕುರಿಗೆ ತೋರುವ ವಿವೇಕ ನಮಗೂ ಬೇಡವೇ?



ಮಂದೆಯಲ್ಲಿ ಒಂದು ಕುರಿಗೆ ಹಿರೇಬೇನೆ ತಗುಲಿದರೆ ಏನು ಮಾಡುತ್ತೀರಿ? ಕೂಡಲೇ ಅದನ್ನು ಬೇರೆ ರೊಪ್ಪಕ್ಕೆ ಹಾಕಿ, ಮೇವು ನೀರನ್ನು ಅಲ್ಲಿಗೇ ಒಯ್ಯುತ್ತೀರಿ. ಉಳಿದವಕ್ಕೆ ಲಸಿಕೆ ಹಾಕಿಸುತ್ತೀರಿ. ಕುರಿಯ ಮೇಲೆ ಸಿಟ್ಟಾಗುವುದಿಲ್ಲ, ರೋಗವನ್ನು ಮುಚ್ಚಿಡುವುದೂ ಇಲ್ಲ.

2020ರಲ್ಲಿ ಕೊರೋನಾ ಬಂದಾಗ ನಾವು ಹೀಗೆ ನಡೆದುಕೊಂಡೆವೇ? ಮಾರ್ಚ್ 25ರಂದು ದೇಶವೇ ಬಂದ್ ಆದಾಗ ರಾಜ್ಯದ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು ಬೇಲಿ ಹಾಕಿದವು. ಬೆಂಗಳೂರಿನಿಂದ ಮರಳಿದ ಊರ ಮಕ್ಕಳನ್ನೇ ಕೆಲವರು ಅಪರಾಧಿಗಳಂತೆ ಕಂಡರು. ಇದರಿಂದ ಹೆದರಿ ಜ್ವರ ಬಂದವರು ಬಾಯಿ ಬಿಡಲಿಲ್ಲ. ಮುಚ್ಚಿಟ್ಟ ಜ್ವರ ಮನೆಮಂದಿಗೆಲ್ಲ ಹರಡಿತು. 2021ರಲ್ಲಿ ಲಸಿಕೆ ಬಂದಾಗಲೂ, ದನಗಳಿಗೆ ತಪ್ಪದೆ ಕಾಲುಬಾಯಿ ಲಸಿಕೆ ಹಾಕಿಸುವವರೇ ಹಲವರು ಹಿಂಜರಿದರು.

ಮಾರಿಕಣಿವೆ ಅಚ್ಚುಕಟ್ಟಿನ ನಾವು ಕಣಿವೆ ಮಾರಮ್ಮನಿಗೆ ಕೈಮುಗಿಯುವವರು. ಮುಗಿಯೋಣ. ಆದರೆ ಸಿಡುಬು ತೊಲಗಿದ್ದು ಲಸಿಕೆಯಿಂದ ಎಂಬುದನ್ನು ಮರೆಯದಿರೋಣ. ಅದು ಲೋಕದಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು.

ಇನ್ನೊಂದು ಪಿಡುಗು ಬಾರದೆಂದು ಹೇಳುವಂತಿಲ್ಲ. ಆಗ ಬೇಲಿ ರೋಗಕ್ಕಿರಲಿ, ರೋಗಿಗೆ ಬೇಡ. ಜ್ವರ ಬಂದವರಿಗೆ ಬೇರೆ ಕೋಣೆ, ಬಾಗಿಲಿಗೆ ಊಟ, ಆಶಾ ಕಾರ್ಯಕರ್ತೆಗೆ ಸುದ್ದಿ, ವೇಳೆಗೆ ಸರಿಯಾಗಿ ಲಸಿಕೆ: ಇಷ್ಟನ್ನು ತಪ್ಪದೆ ಮಾಡಿರಿ.