ಆಪ್ಶನ್ ಕೊಡುವ ಮೊದಲು: ಕೋರ್ಸ್ ಮುಖ್ಯವೋ, ಊರು ಮುಖ್ಯವೋ?



ಪ್ಲಸ್ ಟು ಫಲಿತಾಂಶ ಬಂದ ಮೇಲಿನ ಭಾನುವಾರ ನಮ್ಮ ಚರ್ಚ್ ಅಂಗಳದಲ್ಲಿ ಒಂದೇ ಮಾತು. ಬಲಿಪೂಜೆ ಮುಗಿಸಿ ಹೊರಗೆ ಬಂದ ಹಿರಿಯರು ಮಕ್ಕಳನ್ನು ನಿಲ್ಲಿಸಿ, "ಇನ್ನು ಎಲ್ಲಿಗೆ?" ಎಂದು ಕೇಳುತ್ತಾರೆ. "ಇನ್ನು ಏನು ಓದುತ್ತೀ?" ಎಂದು ಕೇಳುವವರು ಕಡಿಮೆ. ಉತ್ತರವೂ ಹಾಗೆಯೇ ಇರುತ್ತದೆ. "ಮಂಗಳೂರಿಗೆ" ಎಂದರೆ ಎಲ್ಲರ ಮುಖ ಅರಳುತ್ತದೆ. "ಇಲ್ಲೇ ಕಾಸರಗೋಡಿನಲ್ಲಿ" ಎಂದರೆ, "ಪರವಾಗಿಲ್ಲ, ಮುಂದೆ ನೋಡುವ" ಎಂಬ ಸಮಾಧಾನದ ಮಾತು ಬರುತ್ತದೆ.

ಈ ಪ್ರಶ್ನೆಯೇ ತಲೆಕೆಳಗಾಗಿದೆ ಎಂದು ನನಗೆ ಅನಿಸುತ್ತದೆ. ಮೊದಲು ಕೋರ್ಸ್, ಆಮೇಲೆ ಊರು. ಹಾಗೆಂದು ಊರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದಲ್ಲ. ಗಡಿಯಲ್ಲಿ ಇರುವ ನಮಗೆ ಊರಿನ ಲೆಕ್ಕ ಬೇರೆಯವರಿಗಿಂತ ಹೆಚ್ಚೇ ಇದೆ. ಆದರೆ ಆ ಲೆಕ್ಕವನ್ನು ನಾವು ಕಾಗದದ ಮೇಲೆ ಹಾಕುವುದಿಲ್ಲ, ಬಾಯಿಮಾತಿನಲ್ಲಿ ಮುಗಿಸುತ್ತೇವೆ.

ನಾನು ಇದನ್ನು ಬರೆಯಲು ಒಂದು ಕಾರಣವಿದೆ. ಎರಡು ವರ್ಷಗಳ ಹಿಂದೆ ನಮ್ಮ ಯುವಜನ ಸಂಘಟನೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅವನಿಗೆ ಕಲ್ಲು, ಮಣ್ಣು, ಬಾವಿ, ನೀರಿನ ಒರತೆ ಎಂದರೆ ಚಿಕ್ಕಂದಿನಿಂದಲೇ ಕುತೂಹಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನಕ್ಕೆ, ಅಂದರೆ ಜಿಯಾಲಜಿಗೆ, ಸೀಟು ಸಿಗುವ ಹಾಗಿತ್ತು. ಇನ್ನೊಂದು ಕಡೆ ಮಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸಿಗೆ ಸೀಟು ಇತ್ತು. "ಅಕ್ಕಾ, ಯಾವುದಕ್ಕೆ ಹೋಗಲಿ?" ಎಂದು ಕೇಳಿದ. ನಾನು ಹೆಚ್ಚು ಯೋಚಿಸಲಿಲ್ಲ. "ಮಂಗಳೂರಿಗೆ ಹೋಗು ಮಾರಾಯ, ಹೊರಗಿನ ಪ್ರಪಂಚ ನೋಡಿದ ಹಾಗಾಗುತ್ತದೆ" ಎಂದೆ. ಅವನು ಹೋದ. ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಬಿಟ್ಟು ಬಂದ. ಕಾಲೇಜಿನದ್ದು ಏನೂ ತಪ್ಪಿಲ್ಲ, ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ಅವನಿಗೆ ಆ ವಿಷಯ ಬೇಡವಾಗಿತ್ತು, ಅಷ್ಟೆ. ಅಡಿಕೆಗೆ ಕೊಳೆರೋಗ ಬಂದ ವರ್ಷದಲ್ಲಿ ಅವನ ಅಪ್ಪ ಸಾಲ ಮಾಡಿ ಕಟ್ಟಿದ ಫೀಸು ಹೋಯಿತು. ಈಗ ಅವನು ಮಾವನ ಅಂಗಡಿಯಲ್ಲಿ ಕೂರುತ್ತಾನೆ. ಸಿಕ್ಕಾಗ ನಗುತ್ತಾನೆ, ನನ್ನನ್ನು ದೂರುವುದಿಲ್ಲ. ದೂರಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾನು ಅವನಿಗೆ ಊರು ಹೇಳಿದೆ, ಕೋರ್ಸ್ ಕೇಳಲಿಲ್ಲ. ನನ್ನ ತಪ್ಪು ಅಲ್ಲೇ ಇತ್ತು.

ಯಾಕೆ ಕೋರ್ಸ್ ಮೊದಲು? ಊರನ್ನು ಮುಂದೆ ಬದಲಾಯಿಸಬಹುದು. ಡಿಗ್ರಿ ಕಾಸರಗೋಡಿನಲ್ಲಿ ಮಾಡಿ, ಪಿಜಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೋ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿಗೋ ಹೋಗಬಹುದು. ಆದರೆ ಬಿ.ಕಾಂ. ಮಾಡಿದವರು ಎಂ.ಎಸ್ಸಿ. ಕೆಮಿಸ್ಟ್ರಿಗೆ ಹೋಗಲು ಸಾಧ್ಯವಿಲ್ಲ. ಊರು ತಪ್ಪಿದರೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಬಹುದು. ಕೋರ್ಸ್ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕಣ್ಣೂರು ವಿಶ್ವವಿದ್ಯಾಲಯದ ಸಿಂಗಲ್ ವಿಂಡೋ ಅರ್ಜಿ ತುಂಬಿದವರಿಗೆ ಗೊತ್ತಿರುತ್ತದೆ: ಆಪ್ಶನ್‌ಗಳನ್ನು ಯಾವ ಕ್ರಮದಲ್ಲಿ ಕೊಡುತ್ತೀರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಮೇಲಿನ ಆಪ್ಶನ್ ಸಿಕ್ಕಿದರೆ ಕೆಳಗಿನದ್ದು ರದ್ದಾಗುತ್ತದೆ. "ಮನೆಗೆ ಹತ್ತಿರದ ಕಾಲೇಜು, ಯಾವ ಕೋರ್ಸಾದರೂ ಸರಿ" ಎಂದು ಮೇಲೆ ಬರೆದವರಿಗೆ ಅದೇ ಸಿಗುತ್ತದೆ. ಆಮೇಲೆ ದೇವರ ಚಿತ್ತ ಎಂದು ಹೇಳುವುದು ಸರಿಯಲ್ಲ. ಆ ಕ್ರಮ ಬರೆದದ್ದು ನಾವೇ.

ಇನ್ನು ಊರಿನ ಮಾತು. "ದೊಡ್ಡ ಊರಿಗೆ ಹೋದರೆ ಅವಕಾಶ ಹೆಚ್ಚು" ಎನ್ನುವವರ ಮಾತಿನಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ಮಂಗಳೂರಿನಲ್ಲಿ ಆಸ್ಪತ್ರೆಗಳಿವೆ, ಬ್ಯಾಂಕುಗಳಿವೆ, ಕಂಪೆನಿಗಳಿವೆ. 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಸಂತ ಅಲೋಶಿಯಸ್ ಇಂದು ಡೀಮ್ಡ್ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಕಲಿತ ಎಷ್ಟೋ ಮಂದಿ ನಮ್ಮ ಸುತ್ತಮುತ್ತಲಿನ ಚರ್ಚುಗಳಲ್ಲೇ ಇದ್ದಾರೆ. ಆದರೆ "ಆ ಊರು ಚೆನ್ನಾಗಿದೆಯೇ?" ಎಂದು ಕೇಳುವುದಕ್ಕಿಂತ "ನನ್ನ ಕೋರ್ಸಿಗೆ ಆ ಊರು ಏನು ಕೊಡುತ್ತದೆ?" ಎಂದು ಕೇಳುವುದು ಮೇಲು.

ಹೀಗೆ ಕೇಳಿದರೆ ಉತ್ತರ ಬದಲಾಗುತ್ತದೆ. ನರ್ಸಿಂಗ್, ಫಿಸಿಯೋಥೆರಪಿ ಓದುವವರಿಗೆ ದೊಡ್ಡ ಆಸ್ಪತ್ರೆ ಹತ್ತಿರ ಇರಬೇಕು, ಆದ್ದರಿಂದ ಮಂಗಳೂರು ಸರಿ. ಸಸ್ಯಶಾಸ್ತ್ರ, ಬಯೋಕೆಮಿಸ್ಟ್ರಿ ಓದುವವರಿಗೆ? ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ ನಮ್ಮ ಕಣ್ಣೆದುರಿಗೇ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಅದು 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೆಂಗು, ಅಡಿಕೆ, ಕೊಕ್ಕೋ ಬಗ್ಗೆ ಕಲಿಯಲು ದೇಶದ ಬೇರೆ ಕಡೆಯವರು ಇಲ್ಲಿಗೆ ಬರುತ್ತಾರೆ. ನಾವು ಅದರ ಗೇಟಿನ ಎದುರಿನಿಂದಲೇ ಬಸ್ಸಿನಲ್ಲಿ ದಾಟಿ ಹೋಗುತ್ತೇವೆ. ಕನ್ನಡ ಸಾಹಿತ್ಯ ಓದಬೇಕು ಎನ್ನುವವರಿಗೆ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿ.ಎ., ಎಂ.ಎ. ಎರಡೂ ಇವೆ.

ಈಗ ದೂರದ ಲೆಕ್ಕ. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮಾಡಿದ್ದು ದಿನಾ ರೈಲಿನಲ್ಲಿ ಹೋಗಿ ಬಂದು. ನನಗೆ ಬೇಕಾದ ಕೋರ್ಸೇ ಸಿಕ್ಕಿತ್ತು, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಮನೆಯಿಂದ ಸ್ಟೇಶನ್, ರೈಲು, ಅಲ್ಲಿಂದ ಸಿಟಿ ಬಸ್ಸು, ಮತ್ತೆ ಹಾಗೆಯೇ ವಾಪಸು. ದಿನಕ್ಕೆ ನಾಲ್ಕು ಗಂಟೆ. ವರ್ಷಕ್ಕೆ 180 ದಿನ ಕಾಲೇಜು ಎಂದು ಇಟ್ಟುಕೊಂಡರೆ 720 ಗಂಟೆ, ಅಂದರೆ ಹಗಲೂ ರಾತ್ರಿ ಸೇರಿ ಪೂರ್ತಿ 30 ದಿನ. ವರ್ಷಕ್ಕೊಂದು ತಿಂಗಳು ನಾನು ದಾರಿಯಲ್ಲೇ ಇದ್ದೆ. ಸಂಜೆಯ ಲ್ಯಾಬ್ ಇದ್ದ ದಿನ ರೈಲು ತಪ್ಪಬಾರದೆಂದು ಕೊನೆಯ ಅರ್ಧ ಗಂಟೆ ಬಿಟ್ಟು ಓಡುತ್ತಿದ್ದೆ. ಮಳೆಗಾಲದಲ್ಲಿ ಮನೆ ಸೇರುವಾಗ ಅಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದರು. ಹಾಸ್ಟೆಲ್ ಅಥವಾ ಪಿಜಿಯಲ್ಲಿ ನಿಂತರೆ ಸಮಯ ಉಳಿಯುತ್ತದೆ, ಹಣ ಹೋಗುತ್ತದೆ. ತಿಂಗಳಿಗೆ 7,000 ರೂಪಾಯಿ ಎಂದರೂ ಹತ್ತು ತಿಂಗಳಿಗೆ 70,000, ಮೂರು ವರ್ಷಕ್ಕೆ 2,10,000. ಫೀಸು ಬೇರೆ. ಅರ್ಜಿ ತುಂಬುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಈ ಮೊತ್ತವನ್ನು ಬರೆದು ನೋಡಿ.

ಗಡಿಯವರಾದ ನಮಗೆ ಇನ್ನೂ ಕೆಲವು ಲೆಕ್ಕಗಳಿವೆ.

ಒಂದು, ಎಷ್ಟು ವರ್ಷದ ಡಿಗ್ರಿ ಎಂಬುದು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಮೂರು ವರ್ಷಕ್ಕೆ ಡಿಗ್ರಿ ಪಡೆದು ಹೊರಗೆ ಬರಬಹುದು, ನಾಲ್ಕನೇ ವರ್ಷ ಓದಿದರೆ ಹಾನರ್ಸ್. ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ಹಿಂದಿರುಗಿತು. ಸಂಶೋಧನೆಯ ಆಸೆ ಇದ್ದವರು, ಬೇಗ ಕೆಲಸಕ್ಕೆ ಸೇರಬೇಕಾದವರು ಇದನ್ನು ಬೇರೆ ಬೇರೆಯಾಗಿ ತೂಗಬೇಕು.

ಎರಡು, ಮುಂದಿನ ಕೆಲಸ. ನಮ್ಮ ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗೆಂದೇ ಪಿಎಸ್‌ಸಿ ಮೂಲಕ ತುಂಬುವ ಹುದ್ದೆಗಳಿವೆ, ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡದ ಶಿಕ್ಷಕರು ಬೇಕು. ಹೊರ ರಾಜ್ಯದ ಪದವಿ ಇದ್ದರೆ ತತ್ಸಮಾನತೆಯ ಪತ್ರ ಕೇಳುವ ಸಂದರ್ಭಗಳು ಬರುತ್ತವೆ. ಮೊದಲೇ ವಿಚಾರಿಸಿಕೊಳ್ಳಿ. ಹಾಗೆಯೇ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅರ್ಹತೆಯ ನಿಯಮವಿದೆ. ಅದರ ಷರತ್ತುಗಳನ್ನು ಕೊನೆಯ ದಿನ ಓದಿ ಪ್ರಯೋಜನವಿಲ್ಲ.

ಮೂರು, ಗಡಿಯೇ. 2020ರ ಮಾರ್ಚ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ತಲಪಾಡಿಯಲ್ಲಿ ದಾರಿ ಮುಚ್ಚಿತು. ದಿನಾ ಮಂಗಳೂರಿಗೆ ಹೋಗುತ್ತಿದ್ದವರು ಇದ್ದಲ್ಲೇ ಉಳಿದರು, ರೋಗಿಗಳು ಕೂಡ ದಾಟಲಾಗದೆ ಕಷ್ಟಪಟ್ಟರು. ಅಂಥ ದಿನ ಮತ್ತೆ ಬರುತ್ತದೆ ಎಂದು ಹೆದರಿಸುತ್ತಿಲ್ಲ. ನಮ್ಮ ಪಾಲಿಗೆ ಹದಿನೈದು ಕಿಲೋಮೀಟರ್ ಕೂಡ ಒಮ್ಮೊಮ್ಮೆ ದೂರವಾಗಬಹುದು ಎಂದಷ್ಟೇ ನೆನಪಿಸುತ್ತಿದ್ದೇನೆ.

ಕೊನೆಯದಾಗಿ ಒಂದು ಕಹಿ ಮಾತು, ಹಿರಿಯರು ಕ್ಷಮಿಸಬೇಕು. ನಮ್ಮ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಒಂದೇ ರೀತಿ ಇಲ್ಲ. ಮಗನಿಗೆ ಊರು ನೋಡಿ ಕೋರ್ಸ್, ಮಗಳಿಗೆ ಬಸ್ ಸ್ಟಾಪ್ ನೋಡಿ ಕೋರ್ಸ್. ಅಣ್ಣನನ್ನು ಸಿಕ್ಕಿದ ಕೋರ್ಸಿಗೆ ಬೆಂಗಳೂರಿಗೆ ಕಳುಹಿಸಿದ ಮನೆಯಲ್ಲಿ, ಅವನಿಗಿಂತ ಹೆಚ್ಚು ಅಂಕ ಪಡೆದ ತಂಗಿಗೆ, "ನೀನು ಸಂಜೆ ಐದಕ್ಕೆ ಮನೆಗೆ ಬರುವಂಥದ್ದು ಯಾವುದಾದರೂ ತೆಗೆದುಕೋ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಹೆದರಿಕೆಗೆ ಮದ್ದು ಇದೆ. ದೊಡ್ಡ ಊರುಗಳಲ್ಲಿ ಸಿಸ್ಟರ್‌ಗಳು ನಡೆಸುವ ಹಾಸ್ಟೆಲುಗಳಿವೆ. ಎಲ್ಲ ಕಡೆ ನಮ್ಮದೇ ಚರ್ಚುಗಳಿವೆ. ನಮ್ಮ ಫಾದರ್ ಒಂದು ಫೋನ್ ಮಾಡಿದರೆ ಅಲ್ಲಿ ವಿಚಾರಿಸುವವರು ಸಿಗುತ್ತಾರೆ. ಯಜಮಾನನು ಕೊಟ್ಟ ತಲಾಂತನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಆಳಿನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಮಗಳ ತಲಾಂತಿಗೂ ಅದು ಅನ್ವಯಿಸುತ್ತದೆ.

ಲೂಕನ ಶುಭಸಂದೇಶದಲ್ಲಿ ಯೇಸು ಇನ್ನೊಂದು ಮಾತು ಹೇಳುತ್ತಾರೆ: ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅಡಿಪಾಯಕ್ಕೇ ನಿಂತುಹೋಗುತ್ತದೆ. ಆ ಮಾತು ಹೇಳಿದ್ದು ಶಿಷ್ಯರಾಗುವುದರ ಬಗ್ಗೆ, ಕಾಲೇಜಿನ ಬಗ್ಗೆ ಅಲ್ಲ. ಆದರೂ ಕುಳಿತು ಲೆಕ್ಕ ಹಾಕುವುದು ನಂಬಿಕೆಯ ಕೊರತೆಯಲ್ಲ ಎಂಬುದನ್ನು ಅದರಿಂದ ಕಲಿಯಬಹುದು. ಪ್ರಾರ್ಥನೆ ಮಾಡಿ, ಪೆನ್ನೂ ಹಿಡಿಯಿರಿ.

ನನ್ನ ಸಲಹೆ ಇಷ್ಟು. ಒಂದು ಹಾಳೆಯ ಮೇಲೆ ಮೊದಲು ನಿಮಗೆ ಓದಬೇಕೆನಿಸುವ ಮೂರು ಕೋರ್ಸ್‌ಗಳನ್ನು ಬರೆಯಿರಿ, ಊರಿನ ಹೆಸರು ಬೇಡ. ಆಮೇಲೆ ಪ್ರತಿಯೊಂದರ ಎದುರು ಅದು ಎಲ್ಲೆಲ್ಲಿ ಸಿಗುತ್ತದೆ, ದಿನಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ಹಣ, ಆ ಊರು ಆ ಕೋರ್ಸಿಗೆ ಏನು ಕೊಡುತ್ತದೆ ಎಂದು ಬರೆಯಿರಿ. ಆ ಕೋರ್ಸನ್ನು ಈಗ ಓದುತ್ತಿರುವ ಒಬ್ಬರ ಹತ್ತಿರವಾದರೂ ಮಾತಾಡಿ. ಕಾಲೇಜನ್ನು ಒಂದು ಸಲ ಕಣ್ಣಾರೆ ನೋಡಿ ಬನ್ನಿ. ಇಷ್ಟಾದ ಮೇಲೆ ಆಪ್ಶನ್ ಕೊಡಿ.

ಯುವಜನ ಸಂಘಟನೆಯ ಕಡೆಯಿಂದ ನಾವೂ ಒಂದು ಕೆಲಸ ಮಾಡಬೇಕು. ನಮ್ಮ ಚರ್ಚಿನಿಂದ ಹೋಗಿ ಯಾರು, ಎಲ್ಲಿ, ಏನು ಓದಿದ್ದಾರೆ ಎಂಬ ಒಂದು ಪುಸ್ತಕ ಇಡೋಣ. ಕೇಳಿದವರಿಗೆ ಅವರ ಪರಿಚಯ ಮಾಡಿಸೋಣ. ನನ್ನಂತೆ ನಿಂತಲ್ಲೇ ಸಲಹೆ ಕೊಡುವವರಿಗಿಂತ ಅವರ ಮಾತಿಗೆ ಬೆಲೆ ಹೆಚ್ಚು.

ಆ ಹುಡುಗ ಮೊನ್ನೆ ಅಂಗಡಿಯಲ್ಲಿ ಸಿಕ್ಕಿದ. "ಅಕ್ಕಾ, ಈ ಸಲ ಪುನಃ ಅರ್ಜಿ ಹಾಕಲಾ?" ಎಂದು ಕೇಳಿದ. ಈ ಸಲ ನಾನು "ಎಲ್ಲಿಗೆ?" ಎಂದು ಕೇಳಲಿಲ್ಲ. "ಯಾವುದಕ್ಕೆ?" ಎಂದು ಕೇಳಿದೆ. "ಜಿಯಾಲಜಿಗೆ" ಎಂದ. ಅವನಿಗಾಗಿ ನಿಮ್ಮ ಪ್ರಾರ್ಥನೆ ಇರಲಿ.