ಕರೆ ಮುಟ್ಟುತ್ತದೆ, ಗಾಡಿ ಮುಟ್ಟುವುದಿಲ್ಲ

ರಾಜ್ಯದ ತುರ್ತು ಸ್ಪಂದನ ವ್ಯವಸ್ಥೆಯ ಹೊಣೆ ಹೊತ್ತವರಿಗೆ ನಮಸ್ಕಾರಗಳು.

ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಇರಲಿ, ಅದು 112 ಆಗಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2015ರಲ್ಲಿ ಶಿಫಾರಸು ಮಾಡಿತು. ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, ಆಂಬುಲೆನ್ಸ್‌ಗೆ 108 ಎಂದು ಗಾಬರಿಯಲ್ಲಿ ತಡಕಾಡುವುದು ತಪ್ಪಲಿ ಎಂಬುದು ಉದ್ದೇಶ. ಒಳ್ಳೆಯದೇ. ನಮ್ಮಲ್ಲಿ 112 ಒತ್ತಿದರೆ ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ವಿವರ ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಹತ್ತಿರದ ಗಾಡಿಗೆ. ನನ್ನ ತಕರಾರು ಒಂದೇ: ಕರೆ ಮಾಡಿದವರು ಎಲ್ಲಿದ್ದಾರೆ ಎಂಬುದು ಗಾಡಿಯವರಿಗೆ ತಿಳಿಯುವುದು ಹೇಗೆ?

ನಮ್ಮದು ಮಲೆನಾಡಿನ ಅಡಿಕೆ ಸೀಮೆ. ಕಳೆದ ಕೊಯ್ಲಿನಲ್ಲಿ ಕೊನೆಗಾರನೊಬ್ಬ ಮರದಿಂದ ಜಾರಿ ಬಿದ್ದ. ಸೊಂಟ ಅಲುಗಿಸಲಾಗದೆ ತೋಟದ ಬಸಿಗಾಲುವೆಯ ಪಕ್ಕದಲ್ಲೇ ಮಲಗಿದ್ದ. ತುರ್ತು ಸಂಖ್ಯೆಗೆ ಫೋನ್ ಮಾಡಿದೆವು. ಎತ್ತಿಕೊಂಡ ಹೆಣ್ಣುಮಗಳು ಸಮಾಧಾನದಿಂದಲೇ ಮಾತಾಡಿದರು. "ಯಾವ ಊರು ಸರ್? ಹತ್ತಿರ ಬ್ಯಾಂಕು, ಪೆಟ್ರೋಲ್ ಬಂಕು ಏನಾದರೂ ಇದೆಯಾ?" ಹತ್ತಿರ ಇರುವುದು ಹಳ್ಳ, ಅದರಾಚೆ ಕಾಡು. ಮಜರೆಯ ಹೆಸರು ಅವರ ಪಟ್ಟಿಯಲ್ಲಿರಲಿಲ್ಲ. ಕಂದಾಯ ಗ್ರಾಮ ಹೊಸೂರು ಎಂದರೆ, "ಯಾವ ಹೊಸೂರು?" ಕೇಳಿದ್ದು ನ್ಯಾಯವೇ. ಹೊಸೂರು, ಹೊಸಹಳ್ಳಿಗಳಿಗೇನು ನಮ್ಮ ಕಡೆ ಬರವೇ? ಗಾಡಿಯೇನೋ ಹೊರಟಿತು, ಇನ್ನೊಂದು ಹೊಸೂರಿಗೆ. ಕೊನೆಗೆ ಅಡಿಕೆ ಸಾಗಿಸುವ ಪಿಕಪ್‌ನಲ್ಲಿ, ಹಲಗೆಯ ಮೇಲೆ ಮಲಗಿಸಿ ಪೇಟೆಗೆ ಒಯ್ದೆವು.

ಡ್ರೈವರ್ ವಾಪಸ್ ಫೋನ್ ಮಾಡಿ ದಾರಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ತೋಟಕ್ಕಿಳಿದರೆ ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲ. ಮೊಬೈಲು 'ತುರ್ತು ಕರೆ ಮಾತ್ರ' ಎಂದು ತೋರಿಸುತ್ತದೆ. ಅಂದರೆ ಬೇರೆ ಕಂಪನಿಯ ಟವರ್ ಹಿಡಿದು ನಮ್ಮ ಕರೆ ಹೋದೀತು, ನಮಗೆ ಕರೆ ಬಾರದು. ಇನ್ನು ಟವರ್ ನೋಡಿ ಜಾಗ ಅಂದಾಜು ಮಾಡುತ್ತೇವೆಂದರೆ, ಇಲ್ಲಿ ಒಂದು ಟವರಿನಡಿ ಎಷ್ಟೋ ಗುಡ್ಡಗಳು, ಎಷ್ಟೋ ಕೇರಿಗಳು.

ಯುರೋಪಿನಲ್ಲೂ ತುರ್ತು ಸಂಖ್ಯೆ ಇದೇ 112. ಅಲ್ಲಿ ಕರೆ ಮಾಡಿದ ಕೂಡಲೇ ಸ್ಮಾರ್ಟ್‌ಫೋನ್ ತಾನಾಗಿ ಜಾಗದ ಗುರುತನ್ನು ಕಳಿಸುವ ಏರ್ಪಾಡಿದೆ. ಐರೋಪ್ಯ ಒಕ್ಕೂಟದಲ್ಲಿ ಮಾರುವ ಹೊಸ ಫೋನ್‌ಗಳಿಗೆ 2022ರ ಮಾರ್ಚ್‌ನಿಂದ ಇದು ಕಡ್ಡಾಯ. ನಮ್ಮಲ್ಲೂ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗಬೇಕೆಂದು 2016ರಲ್ಲೇ ನಿಯಮವಾಗಿದೆ. ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸುಗಳಿಗೆ ಮಾತ್ರ ಕೊರತೆಯಿಲ್ಲ.

ದೊಡ್ಡ ತಂತ್ರಜ್ಞಾನ ಬರುವಾಗ ಬರಲಿ. ಪ್ರತಿ ಮನೆಯ ಕರೆಂಟ್ ಬಿಲ್ಲಿನಲ್ಲಿ ಆರ್‌.ಆರ್‌. ನಂಬರ್ ಇದೆ, ಟ್ರಾನ್ಸ್‌ಫಾರ್ಮರುಗಳ ಮೇಲೂ ನಂಬರ್ ಬರೆದಿರುತ್ತದೆ. ಲೈನ್‌ಮನ್ ಸುರಿವ ಮಳೆಯಲ್ಲೂ ಆ ನಂಬರ್ ಹಿಡಿದೇ ಬರುತ್ತಾನೆ. ಆ ಪಟ್ಟಿಯನ್ನು ಜಾಗದ ಗುರುತಿನ ಸಮೇತ ಕರೆ ಕೇಂದ್ರದ ಕಂಪ್ಯೂಟರಿಗೆ ಸೇರಿಸಿ. ಜನ ಬಾಯಲ್ಲಿ ಕರೆಯುವ ಕೇರಿ, ಮಜರೆಗಳ ಹೆಸರನ್ನು ಗ್ರಾಮ ಪಂಚಾಯಿತಿಗಳಿಂದ ಬರೆಸಿಕೊಳ್ಳಿ. ಇದಕ್ಕೆ ಕೋಟಿಗಟ್ಟಲೆ ಟೆಂಡರ್ ಬೇಕಿಲ್ಲ, ಎರಡು ಇಲಾಖೆಗಳು ಒಂದು ಮೇಜಿಗೆ ಬಂದರೆ ಸಾಕು.

ದೀಪಾವಳಿ ಮುಗಿಯುತ್ತಲೇ ಕೊನೆಗಾರರು ಮತ್ತೆ ಮರ ಹತ್ತುತ್ತಾರೆ. ಅಷ್ಟರೊಳಗೆ ಮಲೆನಾಡಿನ ತಾಲ್ಲೂಕುಗಳ ಪಟ್ಟಿಯನ್ನಾದರೂ ಮಾಡಿಸಿ ಎಂದು ವಿನಂತಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ