ಮನವಿ ಪತ್ರ: ಕಡಿಮೆ ಆದಾಯದ ಮನೆಗಳಿಗೆ ಉಚಿತ ಯೂನಿಟ್‌ನೊಂದಿಗೆ ವಿದ್ಯುತ್ ಉಳಿಸುವ ಸಾಧನ ಮತ್ತು ಶಾಖ ತಡೆಯುವ ಮಾಡು

ಇವರಿಗೆ:
ಅಪರ ಮುಖ್ಯ ಕಾರ್ಯದರ್ಶಿಗಳು, ಇಂಧನ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಮುಖಾಂತರ:
ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು

ಇವರಿಂದ:
ಉಜಿರೆ ಮತ್ತು ಆಸುಪಾಸಿನ ಗ್ರಾಮಗಳ ಬಿಪಿಎಲ್ ಪಡಿತರ ಚೀಟಿದಾರ ಗೃಹಬಳಕೆದಾರರು, ಬೆಳ್ತಂಗಡಿ ತಾಲೂಕು

ವಿಷಯ: ಗೃಹಜ್ಯೋತಿ ಯೋಜನೆಯ ಅರ್ಹತಾ ಯೂನಿಟ್‌ಗಳ ಪರಿಷ್ಕರಣೆ ಹಾಗೂ ಬಡ ಕುಟುಂಬಗಳ ಮನೆಗಳಲ್ಲಿ ವಿದ್ಯುತ್ ದಕ್ಷತೆ ಹೆಚ್ಚಿಸಲು ನೆರವು ಕೋರಿ.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿ ಅರ್ಜಿದಾರರು ಈ ಹಿಂದೆ ಸ್ಥಳೀಯ ಕಚೇರಿಗೆ ಲಿಖಿತವಾಗಿಯೂ ಗ್ರಾಹಕರ ಸಭೆಗಳಲ್ಲಿ ಮೌಖಿಕವಾಗಿಯೂ ನಿವೇದಿಸಿಕೊಂಡಿದ್ದು, ಬಿಲ್ಲಿನ ಬಹುಭಾಗವನ್ನು ಸರ್ಕಾರವೇ ಭರಿಸುತ್ತಿರುವಾಗ ಬೇರೆ ನೆರವಿನ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬ ಅರ್ಥದ ಮಾತಿನ ಹೊರತು ಯಾವ ಉತ್ತರವೂ ಬಾರದ ಕಾರಣ, ಈ ಮನವಿಯನ್ನು ದಾಖಲೆಗಳೊಡನೆ ಇಲಾಖೆಯ ಮುಂದಿಡಲಾಗಿದೆ. ಉಚಿತ ವಿದ್ಯುತ್ತಿನ ಬಗ್ಗೆ ಅರ್ಜಿದಾರರಿಗೆ ಕೃತಜ್ಞತೆಯಿದೆ. ಆದರೆ ಆ ವಿದ್ಯುತ್ತು ಅತಿ ಕಡಿಮೆ ಸಿಗುತ್ತಿರುವುದು ಅದರ ಅಗತ್ಯ ಅತಿ ಹೆಚ್ಚಿರುವ ಮನೆಗಳಿಗೇ ಎಂಬುದು ಅವರ ಅಹವಾಲು.

1. ಮುಖ್ಯ ಅಹವಾಲು: ಬಡತನದ ವರ್ಷವನ್ನೇ ಅಳತೆಗೋಲಾಗಿಸಿದ ನಿಯಮ

ಇಲಾಖೆಗೆ ತಿಳಿದಿರುವಂತೆ, 2023ರ ಜುಲೈ 1ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಂಬುದು ಗರಿಷ್ಠ ಮಿತಿಯೇ ಹೊರತು ಪ್ರತಿ ಮನೆಗೂ ಸಿಗುವ ಪಾಲಲ್ಲ. ಆಯಾ ಆರ್‌ಆರ್ ಸಂಖ್ಯೆಯ, ಅಂದರೆ ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆಯ, 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇಕಡಾ 10ನ್ನು ಸೇರಿಸಿದಾಗ ಬರುವ ಮೊತ್ತವೇ ಆ ಮನೆಯ ಅರ್ಹತಾ ಯೂನಿಟ್ ಆಗಿದ್ದು, ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್‌ಗಳನ್ನು ಕೂಡಿಸುವ ತಿದ್ದುಪಡಿಯನ್ನು 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ತಿದ್ದುಪಡಿಯ ಬಳಿಕವೂ, ಆ ಸಾಲಿನಲ್ಲಿ ಸರಾಸರಿ 150 ಯೂನಿಟ್ ಬಳಸಿದ ಮನೆಗೆ ತಿಂಗಳಿಗೆ 165 ಯೂನಿಟ್ ಉಚಿತವಾಗಿ ದೊರೆತರೆ, ಸಾಮಾನ್ಯ ಮೀಟರಿನ ಸಂಪರ್ಕವಿದ್ದು 30 ಯೂನಿಟ್‌ನಲ್ಲೇ ದಿನ ದೂಡಿದ ಮನೆಗೆ ದೊರೆಯುವುದು 40 ಯೂನಿಟ್ ಮಾತ್ರ. ಬಿಲ್ಲಿಗೆ ಹೆದರಿ ಫ್ಯಾನ್ ಆರಿಸಿ ಮಲಗಿದ ಕುಟುಂಬದ ಅಂದಿನ ಸಂಯಮವೇ ಇಂದು ಅದರ ಪಾಲನ್ನು ಕುಗ್ಗಿಸಿದೆ.

ಈ 40 ಯೂನಿಟ್ ಎಷ್ಟಕ್ಕೆ ಸಾಲುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಕೋಣೆಯಲ್ಲಿ ಅಂಥದೊಂದು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, ಮಕ್ಕಳು ಮಲಗುವ ಕೋಣೆಯಲ್ಲಿ ಮತ್ತೊಂದು ರಾತ್ರಿ 8 ಗಂಟೆ ತಿರುಗಿದರೆ 18 ಯೂನಿಟ್, ಒಟ್ಟು 45 ಯೂನಿಟ್ ಆಗುತ್ತದೆ. ದೀಪ, ಮಿಕ್ಸಿ, ಮೊಬೈಲ್ ಚಾರ್ಜಿಂಗ್ ಇವುಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಮಿತಿ ದಾಟಿರುತ್ತದೆ. ಇದೇ ಕೆಲಸವನ್ನು ಬಿಎಲ್‌ಡಿಸಿ ಫ್ಯಾನ್, ಅಂದರೆ ಇಂಗಾಲದ ಬ್ರಷ್ಷಿಲ್ಲದೆ ಇಲೆಕ್ಟ್ರಾನಿಕ್ ನಿಯಂತ್ರಣದಿಂದ ತಿರುಗುವ ಮೋಟರಿನ ಫ್ಯಾನ್, ಸುಮಾರು 30 ವ್ಯಾಟ್‌ನಲ್ಲಿ ಮಾಡುವುದರಿಂದ ಎರಡೂ ಫ್ಯಾನ್‌ಗಳಿಗೆ 18 ಯೂನಿಟ್ ಸಾಕಾಗುತ್ತದೆ. ತಿಂಗಳಿಗೆ ಉಳಿಯುವ 27 ಯೂನಿಟ್‌ಗೆ 2025-26ನೇ ಸಾಲಿನ ಗೃಹಬಳಕೆ ದರವಾದ 5.80 ರೂಪಾಯಿಯಂತೆ ಸುಮಾರು 157 ರೂಪಾಯಿ ಆಗುತ್ತದೆ. ವರ್ಷದಲ್ಲಿ ಒಂಬತ್ತು ತಿಂಗಳು ಮಾತ್ರ ಫ್ಯಾನ್ ಬಳಕೆ ಎಂದಿಟ್ಟುಕೊಂಡರೂ ಸುಮಾರು 1,400 ರೂಪಾಯಿಯ ಉಳಿತಾಯವಿದೆ.

ಈ ಉಳಿತಾಯದಲ್ಲಿ ಅರ್ಹತಾ ಮಿತಿಯೊಳಗಿನ ಭಾಗ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಏಕೆಂದರೆ ಆ ಯೂನಿಟ್‌ಗಳ ಹಣವನ್ನು ವಿದ್ಯುತ್ ಸರಬರಾಜು ಕಂಪನಿಗಳಿಗೆ ತುಂಬಿಕೊಡುತ್ತಿರುವುದು ಸರ್ಕಾರವೇ. ಹೀಗಿರುವಾಗ ಎರಡೂವರೆ ಸಾವಿರಕ್ಕೂ ಮೇಲ್ಪಟ್ಟ ಬೆಲೆಯ ಫ್ಯಾನನ್ನು ಕೂಲಿಯ ಹಣದಿಂದ ಕೊಂಡು ಸರ್ಕಾರಕ್ಕೆ ಉಳಿತಾಯ ಮಾಡಿಕೊಡಬೇಕೆಂದು ಬಡ ಕುಟುಂಬದಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ವರ್ಷಕ್ಕೆ ಸುಮಾರು ಹತ್ತು ಸಾವಿರ ಕೋಟಿ ರೂಪಾಯಿಯನ್ನು ಗೃಹಜ್ಯೋತಿಗೆ ಮೀಸಲಿಡುವ ಸರ್ಕಾರವು ಅದರ ಸಣ್ಣದೊಂದು ಅಂಶವನ್ನು ಫ್ಯಾನ್‌ಗೆ ಮುಂಗಡವಾಗಿ ಹೂಡಿದರೆ, ಆ ಹಣದ ಒಂದು ಭಾಗ ವರ್ಷವರ್ಷವೂ ಸಹಾಯಧನದ ಉಳಿತಾಯವಾಗಿ ಮರಳುತ್ತದೆ.

ಕರಾವಳಿಯ ಋತುಮಾನವನ್ನು ಈ ನಿಯಮ ಪರಿಗಣಿಸಿಲ್ಲ ಎಂಬುದು ಎರಡನೆಯ ಅಂಶ. ಬೆಳ್ತಂಗಡಿ ತಾಲೂಕಿನಲ್ಲಿ ಮಾರ್ಚ್‌ನಿಂದ ಮೇ ತನಕ ಸೆಖೆ ಮಿತಿಮೀರಿ ಬಳಕೆ ಏರುತ್ತದೆ, ಆಟಿ ತಿಂಗಳ ಮಳೆಯಲ್ಲಿ ಇಳಿಯುತ್ತದೆ. ಅರ್ಹತೆಯನ್ನು ತಿಂಗಳ ಲೆಕ್ಕದಲ್ಲಿ ಬಿಗಿದಿರುವುದರಿಂದ ಆಗಸ್ಟ್‌ನಲ್ಲಿ ಉಳಿದ ಯೂನಿಟ್ ವ್ಯರ್ಥವಾಗಿ, ಏಪ್ರಿಲ್‌ನಲ್ಲಿ ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕಾಗುತ್ತದೆ.

ಈ ಅಹವಾಲಿಗೆ ಪೂರಕವಾಗಿ ಅರ್ಜಿದಾರರ ಮನೆಗಳ 2022-23ನೇ ಸಾಲಿನ ಮತ್ತು ಇತ್ತೀಚಿನ ಬಿಲ್ಲುಗಳ ನಕಲು (ಅನುಬಂಧ ಎ), ಅರ್ಹತಾ ಯೂನಿಟ್ ನಮೂದಾಗಿರುವ ಪುಟಗಳು (ಅನುಬಂಧ ಬಿ), ಬೇಸಿಗೆ ಮತ್ತು ಮಳೆಗಾಲದ ಮೀಟರ್ ಓದುವಿಕೆಯ ತುಲನಾ ಪಟ್ಟಿ (ಅನುಬಂಧ ಸಿ), ಬಳಕೆಯಲ್ಲಿರುವ ಫ್ಯಾನ್‌ಗಳ ಛಾಯಾಚಿತ್ರ (ಅನುಬಂಧ ಡಿ), ಹಾಸಿಗೆ ಹಿಡಿದವರ ವೈದ್ಯಕೀಯ ಪ್ರಮಾಣಪತ್ರ (ಅನುಬಂಧ ಇ) ಹಾಗೂ ಹಿಂದಿನ ಮನವಿಗಳ ಸ್ವೀಕೃತಿ ಪ್ರತಿ (ಅನುಬಂಧ ಎಫ್) ಲಗತ್ತಿಸಲಾಗಿದೆ. ಸ್ವೀಕೃತಿಯ ಮೊಹರು ಒತ್ತಿದ ಕಾಗದಕ್ಕೆ ಉತ್ತರ ಕೊಡುವುದು ಕಚೇರಿಯ ಔದಾರ್ಯವಲ್ಲ, ಕರ್ತವ್ಯ ಎಂಬುದನ್ನು ಗೌರವಪೂರ್ವಕವಾಗಿ ನೆನಪಿಸಲಾಗುತ್ತಿದೆ.

2. ಮಾಡಿನ ಶಾಖ

ಫ್ಯಾನ್ ಬದಲಿಸಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ, ಏಕೆಂದರೆ ಮನೆಯನ್ನು ಕಾಯಿಸುವುದು ಅದರ ಮಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಜಿಲ್ಲೆಯ ಮುರಕಲ್ಲಿನ ಗೋಡೆಗಳ ಮೇಲೆ ಹಂಚಿನ ಮಾಡು ಸಾಮಾನ್ಯವಾಯಿತು, ಹಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಪಕ್ಕಾಸು ಮತ್ತು ರೀಪುಗಳಿಗೆ ಬೇಕಾದ ಮರದ ಬೆಲೆ ಕೈಗೆಟುಕದಂತಾಗಿ, ಕಾಡಂಚಿನ ಗ್ರಾಮಗಳಲ್ಲಿ ಮಂಗಗಳು ವರ್ಷವರ್ಷವೂ ಹಂಚು ಒಡೆಯತೊಡಗಿದ ಮೇಲೆ ಬಡವರು ತಗಡು ಮತ್ತು ಸಿಮೆಂಟ್ ಶೀಟಿಗೆ ಬಂದರು. ಶೀಟ್ ಮನೆಯಲ್ಲಿ ಬೀಡಿ ಕಟ್ಟುವ ಮಹಿಳೆಯ ಪಾಡು ಇಲಾಖೆಯ ಗಮನಕ್ಕೆ ಅರ್ಹವಾಗಿದೆ: ನೆನೆಸಿದ ಬೀಡಿ ಎಲೆ ಒಣಗಿದರೆ ಸುತ್ತುವಾಗ ಸೀಳುತ್ತದೆ, ಗಾಳಿ ಬೀಸಿದರೆ ಮೊರದಲ್ಲಿನ ಹೊಗೆಸೊಪ್ಪಿನ ಪುಡಿ ಹಾರುತ್ತದೆ, ಆದ್ದರಿಂದ ಫ್ಯಾನ್ ಇದ್ದರೂ ಅದನ್ನು ಆರಿಸಿಯೇ ಆಕೆ ಮಧ್ಯಾಹ್ನವಿಡೀ ಕಾದ ಶೀಟಿನಡಿ ಕುಳಿತಿರಬೇಕಾಗುತ್ತದೆ. ಆಕೆಯ ಮಟ್ಟಿಗೆ ಮಾಡಿನ ಶಾಖ ತಡೆಯುವುದಲ್ಲದೆ ಬೇರೆ ಪರಿಹಾರವಿಲ್ಲ.

ಇಂಧನ ದಕ್ಷತಾ ಬ್ಯೂರೋದ ಪರಿಣತಿಯೊಡನೆ 2018ರಲ್ಲಿ ಹೊರಬಂದ ವಸತಿ ಕಟ್ಟಡಗಳ ಸಂಹಿತೆಯಾದ ಇಕೋ ನಿವಾಸ್ ಸಂಹಿತೆಯು ಮಾಡಿನ ಮೂಲಕ ಒಳಬರುವ ಶಾಖದ ಪ್ರಮಾಣಕ್ಕೆ ಮಿತಿ ಗೊತ್ತುಪಡಿಸಿದೆ. ಒಂದು ಚದರ ಮೀಟರ್ ಮಾಡಿನ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಹಾದುಬರುವ ಶಾಖ 1.2 ವ್ಯಾಟ್ ಮೀರಬಾರದೆಂದು ಅದು ಹೇಳುತ್ತದೆ. ಬರಿಯ ತಗಡಿನ ಮಾಡಿನಲ್ಲಿ ಇದು ಹಲವು ಪಟ್ಟು ಹೆಚ್ಚು. ಆದರೆ ಸಂಹಿತೆ ಅನ್ವಯವಾಗುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಐದು ಸೆಂಟ್ಸ್ ಜಾಗ ಎಂದರೆ ಸುಮಾರು 200 ಚದರ ಮೀಟರ್ ಆಗಿರುವುದರಿಂದ ಅಂಥ ಜಾಗದಲ್ಲಿರುವ ಬಡವರ ಕಾಲನಿಯ ಒಂದು ಮನೆಯೂ ಅದರ ವ್ಯಾಪ್ತಿಗೆ ಬಾರದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ಬಯಲು ಪ್ರದೇಶದ ಮನೆಗೆ ನೀಡುವ 1.20 ಲಕ್ಷ ರೂಪಾಯಿಯಲ್ಲಿ ಶಾಖ ತಡೆಗೆಂದು ಪ್ರತ್ಯೇಕ ಅನುದಾನವಿಲ್ಲ. ನೆರೆಯ ತೆಲಂಗಾಣ 2023ರಲ್ಲೇ ತಂಪು ಮಾಡಿನ ನೀತಿಯನ್ನು ಪ್ರಕಟಿಸಿದೆ. ಅಲ್ಲಿನ ಬಿಳಿ ಬಣ್ಣದ ಕ್ರಮವನ್ನೇ ಇಲ್ಲಿ ನಕಲು ಮಾಡಿದರೆ ಒಂದೇ ಮಳೆಗಾಲದಲ್ಲಿ ಅದು ಹಾವಸೆ ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ಶೀಟಿನ ಮೇಲೆ ಹಂಚು ಹೊದಿಸುವ, ಒಳಗೆ ಗಾಳಿಯ ಸಂದು ಬಿಟ್ಟು ಅಡಿಮಾಡು ಕಟ್ಟುವ ಕ್ರಮಗಳಿಗೆ ಅನುದಾನ ಬೇಕು.

3. ಈಗಿನ ಯೋಜನೆಗಳು ತಲುಪದಿರುವುದು

2015ರಲ್ಲಿ ಆರಂಭಗೊಂಡು ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ನಡೆದ ಎಲ್‌ಇಡಿ ಯೋಜನೆ 60 ವ್ಯಾಟಿನ ಬುರುಡೆಯ ಜಾಗಕ್ಕೆ 9 ವ್ಯಾಟಿನದನ್ನು ತಂದು, ಬಡವರ ಮನೆಯಲ್ಲೂ ದಕ್ಷತೆ ಸಾಧ್ಯವೆಂದು ತೋರಿಸಿಕೊಟ್ಟಿತು. ಕೇಂದ್ರದ ಇಇಎಸ್‌ಎಲ್ ಸಂಸ್ಥೆ 2023ರ ನವೆಂಬರ್‌ನಲ್ಲಿ ಘೋಷಿಸಿದ ಒಂದು ಕೋಟಿ ದಕ್ಷ ಫ್ಯಾನ್‌ಗಳ ಕಾರ್ಯಕ್ರಮದ ಪ್ರಯೋಜನ ಅರ್ಜಿದಾರರಿಗೆ ದೊರೆತಿಲ್ಲ. 2024ರ ಫೆಬ್ರವರಿಯ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರು ಕಿಲೋವ್ಯಾಟ್‌ಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆಯಾದರೂ ಉಳಿದ ಹಣಕ್ಕೆ ಸಾಲ, ಗಟ್ಟಿಯಾದ ಮಾಡು, ತೋಟದ ನೆರಳಿಲ್ಲದ ಜಾಗ ಈ ಮೂರೂ ಬೇಕಾಗುತ್ತವೆ. ಆದರೂ ಸರಬರಾಜು ಕಂಪನಿಯೇ ಗ್ರಾಹಕರ ಪರವಾಗಿ ಫಲಕ ಅಳವಡಿಸುವ ಅವಕಾಶ ಅದೇ ಯೋಜನೆಯ ಮಾರ್ಗಸೂಚಿಯಲ್ಲಿದೆ.

ಗಡಿಯಾಚೆಯ ಕೇರಳದಲ್ಲಿ ಎಲ್‌ಇಡಿ ಬಲ್ಬುಗಳನ್ನು ಮನೆಗೆ ಕೊಟ್ಟು ಹಣವನ್ನು ಬಿಲ್ಲಿನೊಡನೆ ಕಂತಾಗಿ ಪಡೆದ ಕ್ರಮ, ಅಮೆರಿಕದಲ್ಲಿ 1976ರ ಕಾನೂನಿನಿಂದ ಇಂದಿನವರೆಗೂ ನಡೆದುಬಂದಿರುವ, ಕಡಿಮೆ ಆದಾಯದವರ ಮನೆಗಳನ್ನು ಪರಿಶೀಲಿಸಿ ಸರ್ಕಾರದ ಖರ್ಚಿನಲ್ಲೇ ದುರಸ್ತಿ ಮಾಡುವ ಕಾರ್ಯಕ್ರಮ, ಇವೆರಡೂ ಈ ಬೇಡಿಕೆ ಹೊಸದಲ್ಲ ಎಂಬುದಕ್ಕೆ ಸಾಕ್ಷಿ.

4. ಇತರ ಅಹವಾಲುಗಳು

ಬಚ್ಚಲೊಲೆಗೆ ಕಟ್ಟಿಗೆಯೇ ಆಧಾರವಾಗಿದ್ದು ಹೊಗೆಯ ತೊಂದರೆ ಮುಂದುವರಿದಿದೆ. ಹಳೆಯ ವೈರಿಂಗ್ ಮಳೆಗಾಲದಲ್ಲಿ ಅಪಾಯಕಾರಿಯಾಗಿದೆ. ಗಾಳಿ ಬೆಳಕಿಗೆ ಸಾಕಷ್ಟು ಕಿಟಕಿಯಿಲ್ಲದ ಮನೆಗಳಿವೆ. ಇವುಗಳ ಬಗ್ಗೆಯೂ ಸೂಕ್ತ ಕ್ರಮ ಅಪೇಕ್ಷಿಸಲಾಗಿದೆ.

5. ಬೇಡಿಕೆಗಳು

ಅ) ಬಿಪಿಎಲ್ ಕುಟುಂಬಗಳ ಅರ್ಹತಾ ಯೂನಿಟ್‌ಗಳನ್ನು 2022-23ರ ಸರಾಸರಿಯಿಂದ ಬಿಡಿಸಿ, ಮನೆಯ ಸದಸ್ಯರ ಸಂಖ್ಯೆ ಮತ್ತು ಕರಾವಳಿಯ ಹವೆಯ ಆಧಾರದಲ್ಲಿ ಹೊಸದಾಗಿ ನಿಗದಿಪಡಿಸಬೇಕು, ಅದನ್ನು ವಾರ್ಷಿಕ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ಅವಕಾಶವಿರಬೇಕು.

ಆ) ಪ್ರತಿ ಬಿಪಿಎಲ್ ಮನೆಗೆ ಎರಡು ಬಿಎಲ್‌ಡಿಸಿ ಫ್ಯಾನ್‌ಗಳನ್ನು ಗೃಹಜ್ಯೋತಿಯ ಅನುದಾನದಿಂದಲೇ ಒದಗಿಸಬೇಕು.

ಇ) ಶೀಟ್ ಮನೆಗಳ ಮಾಡಿನ ಶಾಖ ತಡೆಗೆ ವಸತಿ ಯೋಜನೆಗಳಲ್ಲಿ ಪ್ರತ್ಯೇಕ ಅನುದಾನ ನೀಡಬೇಕು, ಮನೆಯಲ್ಲೇ ಬೀಡಿ ಕಟ್ಟುವ ಕುಟುಂಬಗಳನ್ನು ಮೊದಲ ಹಂತದಲ್ಲಿ ಸೇರಿಸಬೇಕು.

ಈ) ಕುಮ್ಕಿ ಜಾಗದಲ್ಲಿರುವ, ಅಂದರೆ ಕೃಷಿ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಜಾಗದಲ್ಲಿರುವ, ಮನೆಗಳು ಮತ್ತು ಸಕ್ರಮಕ್ಕಾಗಿ ಸಲ್ಲಿಸಿದ 94ಸಿ ಅರ್ಜಿ ಬಾಕಿಯಿರುವ ಮನೆಗಳಿಗೆ ಹಕ್ಕುಪತ್ರದ ಬದಲು ಮನೆ ನಂಬ್ರದ ಆಧಾರದಲ್ಲೇ ಈ ನೆರವು ದೊರೆಯಬೇಕು.

ಉ) ಒಂದೇ ಮನೆಯಲ್ಲಿ ಎರಡು ಒಲೆ ಹೂಡಿರುವ ಕೂಡುಕುಟುಂಬಗಳಿಗೆ ಪ್ರತ್ಯೇಕ ಆರ್‌ಆರ್ ಸಂಖ್ಯೆ ಮಂಜೂರು ಮಾಡಬೇಕು.

ಊ) ಮನೆಗಳ ಪರಿಶೀಲನೆ ಮತ್ತು ಅಳವಡಿಕೆಯ ಕೆಲಸವನ್ನು 1982ರಿಂದ ಉಜಿರೆಯಲ್ಲಿರುವ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರಿಗೆ, ವಿಶೇಷವಾಗಿ ಅರ್ಜಿದಾರ ಕುಟುಂಬಗಳವರಿಗೆ, ವಹಿಸಬೇಕು.

ಋ) ಸೂರ್ಯಘರ್ ಯೋಜನೆಯಲ್ಲಿ ಕಂಪನಿಯೇ ಫಲಕ ಅಳವಡಿಸುವ ಮಾದರಿಯನ್ನು ತಾಲೂಕಿನ ಒಂದು ಕಾಲನಿಯಲ್ಲಿ ಆರಂಭಿಸಬೇಕು.

ಈ ಬೇಡಿಕೆಗಳಲ್ಲಿ ಅ ಮತ್ತು ಆ ತಕ್ಷಣದವು. ಮುಂದಿನ ಮಾರ್ಚ್‌ನ ಸೆಖೆಗೆ ಮುನ್ನ ಅವು ಜಾರಿಯಾಗಬೇಕು ಎಂಬುದರಲ್ಲಿ ಅರ್ಜಿದಾರರು ರಾಜಿಯಾಗಲಾರರು. ಮನವಿ ತಲುಪಿದ 30 ದಿನಗಳೊಳಗೆ ಪ್ರತಿ ಬೇಡಿಕೆಗೂ ಒಪ್ಪಿಗೆಯನ್ನೋ ಕಾರಣಸಹಿತ ನಿರಾಕರಣೆಯನ್ನೋ ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ. ಹಾಗಾಗದಿದ್ದಲ್ಲಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದಿನ ಸಾರ್ವಜನಿಕ ವಿಚಾರಣೆಯಲ್ಲಿ ಇವೇ ಬಿಲ್ಲುಗಳನ್ನು ಅರ್ಜಿದಾರರು ಒಬ್ಬೊಬ್ಬರಾಗಿ ಹಾಜರುಪಡಿಸುವರು.

ಸ್ಥಳ: ಉಜಿರೆ


ಅರ್ಜಿದಾರರ ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಪ್ರತ್ಯೇಕ ಹಾಳೆಗಳಲ್ಲಿ ಲಗತ್ತಿಸಲಾಗಿದೆ.